ಬ್ಯಾಡಂದ್ರ ಬ್ಯಾಡ ಅನ್ರಿ, ಮಾರಿ ಹೊಳ್ಳಿಸಬ್ಯಾಡ್ರಿ

ಹಡಗಿನಿಂದ ಇಳಿದು ಊರು ನೋಡಲು ಹೊರಡುವ ಪ್ರವಾಸಿಗಳಿಗೆ ಬಸ್ಸಿನಲ್ಲಿ ನಾಲ್ಕು ಬುದ್ಧಿಮಾತು ಹೇಳುತ್ತಾರೆ. ಬೀದಿಯಲ್ಲಿ ಮಾರುವವರ ಮುಖ ನೋಡಬೇಡಿ. ಅವರ ಸಾಮಾನು ಮುಟ್ಟಬೇಡಿ. ಮಾತಿಗೆ ಮಾತು ಕೊಡಬೇಡಿ. ಎಲ್ಲೂ ನಿಲ್ಲಬೇಡಿ, ನಡೆಯುತ್ತಲೇ ಇರಿ.

ಗೆಳೆಯರೇ, ಈ ನಾಲ್ಕು ಮಾತು ನನಗೆ ಹೊಸವಲ್ಲ. ಗದಗ ಜಿಲ್ಲೆಯ ನಮ್ಮ ಕೇರಿಯಲ್ಲಿ ನನ್ನಪ್ಪ ನನಗೆ ಇವನ್ನೇ ಕಲಿಸಿದ್ದ. "ಗೌಡ್ರ ಓಣ್ಯಾಗ ಹೋಗುವಾಗ ತಲಿ ಎತ್ತಿ ನೋಡಬ್ಯಾಡ. ಯಾರದೂ ಏನೂ ಮುಟ್ಟಬ್ಯಾಡ. ಎದುರು ಮಾತಾಡಬ್ಯಾಡ. ನಿಂದ್ರಬ್ಯಾಡ, ಸುಮ್ಮನ ನಡದುಬಿಡು." ನಮಗೆ ಹೇಳಿದ್ದು ನಮ್ಮಿಂದ ಅವರಿಗೆ ಮೈಲಿಗೆಯಾಗಬಾರದೆಂದು. ಹಡಗಿನವರಿಗೆ ಹೇಳುವುದು ಬೀದಿಯವರಿಂದ ಅವರಿಗೆ ಮೋಸವಾಗಬಾರದೆಂದು. ಕಾರಣ ಬೇರೆ ಬೇರೆ. ಆದರೆ ಮನುಷ್ಯನನ್ನು ಕಂಡೂ ಕಾಣದಂತೆ ದಾಟುವ ನಡಿಗೆ ಒಂದೇ. ಅದನ್ನು ಜಾತಿ ಎಂಬ ಹೆಸರೇ ಕೇಳದ ದೇಶದವರಿಗೂ ಅರ್ಧ ಗಂಟೆಯಲ್ಲಿ ಕಲಿಸಿಬಿಡಬಹುದು ಎಂಬುದನ್ನು ನಾನು ಕಣ್ಣಾರೆ ಕಂಡೆ.

ಬಿ.ಎಡ್. ಮುಗಿಸಿ ನೌಕರಿಗೆ ಕಾಯುತ್ತಿದ್ದ ಎರಡು ವರ್ಷ, 2015ರಿಂದ 2017ರವರೆಗೆ, ಗೋವಾದ ವಾಸ್ಕೋದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಮಾವ ಮರ್ಮಗೋವಾ ಬಂದರಿನಲ್ಲಿ ಕೂಲಿ. ಮಳೆ ನಿಂತ ಮೇಲೆ ಆ ಬಂದರಿಗೆ ವಿಲಾಸಿ ಹಡಗುಗಳು ಬರತೊಡಗುತ್ತವೆ. ಬೆಳಿಗ್ಗೆ ಬಂದು ನಿಂತರೆ ಸಂಜೆಗೆ ಹೊರಟವು. ಅಷ್ಟರಲ್ಲಿ ಗೋವಾ ನೋಡಿ ಮುಗಿಸಬೇಕು. ಬಸ್ಸಿನ ಗೈಡಿಗೆ ಒಬ್ಬ ಸಹಾಯಕ ಬೇಕಿತ್ತು. ತಲೆ ಎಣಿಸುವುದು, ನೀರಿನ ಬಾಟಲಿ ಹಂಚುವುದು, ಹಿಂದೆ ಉಳಿದವರನ್ನು ಕರೆತರುವುದು. ದಿನಗೂಲಿ. ನಾನು ಸೇರಿಕೊಂಡೆ.

ಮೊದಲು ಹಳೇ ಗೋವಾ. 1605ರ ಬಾಮ್ ಜೀಸಸ್ ಇಗರ್ಜಿ, ಅದರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರನ ಪಾರ್ಥಿವ ಶರೀರ. ಆಮೇಲೆ ಪಣಜಿಯ ಹಳೇ ಓಣಿಗಳು. ಪೊಂಡಾ ಕಡೆಯ ಮಂಗೇಶಿ ದೇವಸ್ಥಾನ. ಕೊನೆಗೆ ಯಾವುದಾದರೊಂದು ಸಮುದ್ರ ತೀರ. ಬಸ್ಸಿನ ಬಾಗಿಲು ತೆರೆದ ಕಡೆಯಲ್ಲೆಲ್ಲ ಹೆಗಲ ಮೇಲೆ ಬಟ್ಟೆ, ಮೊಣಕೈತನಕ ಮಣಿಸರ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ಓಡಿಬರುತ್ತಿದ್ದರು. ಇಂಗ್ಲಿಷಿನ ಹತ್ತು ಮಾತು, ರಷ್ಯನ್ನಿನ ನಾಲ್ಕು ಮಾತು ಅವರ ಬಾಯಲ್ಲಿ. ತಮ್ಮತಮ್ಮಲ್ಲಿ ಮಾತ್ರ ಲಮಾಣಿ ಭಾಷೆ, ಇಲ್ಲವೇ ಅಪ್ಪಟ ನಮ್ಮ ಕಡೆಯ ಕನ್ನಡ. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ತಾಂಡಾಗಳವರು. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ ದಾಟಿ, ಕ್ಯಾಸಲ್‌ರಾಕಿನ ಘಟ್ಟ ಇಳಿದು ಬಂದವರು.

ಆ ಬಸ್ಸಿನಲ್ಲಿ ಎರಡೂ ಕಡೆಯ ಮಾತು ತಿಳಿಯುತ್ತಿದ್ದವನು ನಾನೊಬ್ಬನೇ.

ಇಗರ್ಜಿಯ ಎದುರು ದಿನಾ ನಿಲ್ಲುತ್ತಿದ್ದ ಒಬ್ಬಾಕೆಯನ್ನು ನಾನು ಯಕ್ಕಾ ಅನ್ನುತ್ತಿದ್ದೆ. ಐವತ್ತರ ಆಸುಪಾಸು. ಗಜೇಂದ್ರಗಡದ ಕಡೆಯ ತಾಂಡಾ. ಕನ್ನಡಿ, ಕವಡೆ ಕೂಡಿಸಿ ತಾನೇ ಹೊಲಿದ ಚೀಲಗಳು ಒಂದು ಕೈಯಲ್ಲಿ, ಸಗಟು ಅಂಗಡಿಯಿಂದ ತಂದ ಕಾರ್ಖಾನೆಯ ಸರಗಳು ಇನ್ನೊಂದು ಕೈಯಲ್ಲಿ. ಒಂದು ದಿನ ನಲವತ್ತು ಮಂದಿ ಆಕೆಯ ಮುಂದೆ ಸಾಲಾಗಿ ದಾಟಿದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಒಬ್ಬ ಕತ್ತು ಹೊರಳಿಸಿ ಗೋಡೆ ನೋಡಿದ, ಒಬ್ಬಳು ಆಕಾಶ ನೋಡಿದಳು. ಯಕ್ಕ ನನ್ನ ಕಡೆ ತಿರುಗಿ ಅಂದಳು: "ಬ್ಯಾಡಂದ್ರ ಬ್ಯಾಡ ಅನ್ಲಿ ತಮ್ಮಾ. ಮಾರಿ ಯಾಕ ಹೊಳ್ಳಿಸ್ತಾರ? ನಾ ಏನ್ ಹೆಣಾ ಏನು?"

ಅದೇ ಸಾಲಿನ ಕೊನೆಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ನಿಂತಳು. ಯಕ್ಕನ ಮುಖ ನೋಡಿದಳು. ಚೀಲದ ಕನ್ನಡಿಗಳ ಮೇಲೆ ಬೆರಳಾಡಿಸಿ ಚೆನ್ನಾಗಿದೆ ಎಂದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು "ನೋ, ಥ್ಯಾಂಕ್ ಯೂ" ಎಂದಳು. ಯಕ್ಕ ನಕ್ಕು ಬದಿಗೆ ಸರಿದು ದಾರಿ ಬಿಟ್ಟಳು. ಹಿಂದೆ ಹೋಗಲಿಲ್ಲ, ಮತ್ತೆ ಕೂಗಲಿಲ್ಲ. ವ್ಯಾಪಾರ ಆಗಲಿಲ್ಲ, ಆದರೆ ಇಬ್ಬರು ಮನುಷ್ಯರು ಭೇಟಿಯಾಗಿದ್ದರು.

ಬೀದಿ ವ್ಯಾಪಾರದವರು ಕಾಡುತ್ತಾರೆ ಎನ್ನುತ್ತಾರೆ. ಸುಳ್ಳಲ್ಲ. ನೂರು ಹೆಜ್ಜೆ ಬೆನ್ನು ಹತ್ತುತ್ತಾರೆ, ಕೈಗೆ ದಾರ ಕಟ್ಟಿ ಆಮೇಲೆ ರೊಕ್ಕ ಕೇಳುತ್ತಾರೆ. ಎಂಟುನೂರು ಹೇಳಿದ ಚೀಲವನ್ನು ಮುನ್ನೂರಕ್ಕೆ ಬಿಡುತ್ತಾರೆ. ಆದರೆ ಹಡಗು ನಿಲ್ಲುವುದು ಎಷ್ಟು ಹೊತ್ತು, ಬಸ್ಸು ನಿಲ್ಲುವುದು ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ ನೋಡಿ. ಊರ ಅಂಗಡಿಯವನಿಗೆ ನಾಳೆ ಬರುವ ಗಿರಾಕಿ ಇದ್ದಾನೆ. ಈಕೆಯ ಗಿರಾಕಿ ಸಂಜೆಗೆ ಸಮುದ್ರದ ಮೇಲೆ ಇರುತ್ತಾನೆ. ಖೋಲಿಯ ಬಾಡಿಗೆ, ಸಗಟು ಅಂಗಡಿಯ ಉದ್ರಿ, ಎತ್ತಂಗಡಿ ಮಾಡದಿರಲು ಕೊಡುವ ಮಾಮೂಲು, ಎಲ್ಲ ಆ ಅರ್ಧ ಗಂಟೆಯಲ್ಲೇ ಹುಟ್ಟಬೇಕು. ಅದಕ್ಕೇ ಓಟ, ಅದಕ್ಕೇ ಕೂಗು.

ಬೀದಿಯಲ್ಲಿ ಮೋಸ ಇದೆ ಎಂದು ಎಚ್ಚರಿಸಿದ ಬಸ್ಸು ತಪ್ಪದೆ ಒಂದು ತಂಪು ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಅಲ್ಲಿ ಯಾರೂ ಯಾರನ್ನೂ ಬೆನ್ನು ಹತ್ತುವುದಿಲ್ಲ. ಕರೆತಂದವರಿಗೆ ಕಮಿಷನ್ ಇದೆ, ಆದ್ದರಿಂದ ಗಿರಾಕಿ ತಾನಾಗಿಯೇ ಒಳಗೆ ಬರುತ್ತಾನೆ. ಯಕ್ಕನ ಚೀಲದಂಥದೇ ಚೀಲ ಅಲ್ಲಿ ಗಾಜಿನ ಹಿಂದೆ ತೂಗಾಡುತ್ತಿತ್ತು. ಯಕ್ಕ ಹೇಳುವ ಮೊದಲ ಬೆಲೆಗಿಂತಲೂ ಹೆಚ್ಚು ಬೆಲೆ ಚೀಟಿಯ ಮೇಲೆ ಅಚ್ಚಾಗಿತ್ತು. ಬಾಯಲ್ಲಿ ಹೇಳಿದ ಬೆಲೆ ಮೋಸ, ಅಚ್ಚು ಹಾಕಿದ ಬೆಲೆ ಮರ್ಯಾದೆ! ಅಕ್ಷರ ಬಲ್ಲವರ ಈ ನ್ಯಾಯ ನಮಗೆ ಗೊತ್ತಿಲ್ಲದ್ದೇನಲ್ಲ. ಸಾಲದ ಪತ್ರದಲ್ಲಿ ಹೆಬ್ಬೆಟ್ಟು ಒತ್ತಿದವರ ಮಕ್ಕಳು ನಾವು.

ಪರದೇಶದವರ ಮಾತಾಯಿತು. ಈಗೀಗ ಮುಂಬೈಯಿಂದ ಗೋವಾಕ್ಕೆ ನಮ್ಮ ದೇಶದವರೇ ಹಡಗು ಹತ್ತಿ ಬರುತ್ತಾರೆ, ಬೆಂಗಳೂರಿನಿಂದ ಕಾರಿನಲ್ಲಿಯೂ ಬರುತ್ತಾರೆ. ಪರದೇಶದವನು ಈಕೆಗೆ ಹೆದರುತ್ತಾನೆ. ನಮ್ಮವನಿಗೆ ಹೆದರಿಕೆ ಇಲ್ಲ, ಈಕೆಯ ಜಾತಿ ಗೊತ್ತು. "ಏ ಲಮಾಣಿ, ಇಲ್ಲಿ ಬಾ." ಅರ್ಧ ತಾಸು ಎಲ್ಲ ಕೆದಕಿ, ಮುನ್ನೂರರದ್ದನ್ನು ಐವತ್ತಕ್ಕೆ ಕೇಳಿ, ಆಕೆ ಒಪ್ಪಿದ ಮೇಲೆ "ಬೇಡ ಬಿಡು" ಎಂದು ಎದ್ದು ಹೋದ ಒಂದು ಕುಟುಂಬವನ್ನು ನಾನು ನೋಡಿದ್ದೇನೆ. ಇನ್ನೊಬ್ಬ ಸರ ಕೊಂಡು ನೋಟನ್ನು ಆಕೆ ಹಾಸಿದ ಬಟ್ಟೆಯ ಮೇಲೆ ಒಗೆದ. ಗಾಳಿಗೆ ಅದು ಹಾರಿತು. ಆಕೆ ಬೆನ್ನಟ್ಟಿ ಹಿಡಿದಳು.

ನನ್ನವ್ವ ಸಂತೆಯಲ್ಲಿ ಈಚಲ ಕಸಬರಿಗೆ ಮಾರುತ್ತಿದ್ದಳು. ಕೊಂಡವರು ರೊಕ್ಕವನ್ನು ಕೈಯಲ್ಲಿ ಇಡುತ್ತಿರಲಿಲ್ಲ, ಮೇಲಿನಿಂದ ಒಗೆಯುತ್ತಿದ್ದರು. ಮಣ್ಣಿನಲ್ಲಿ ಬಿದ್ದ ನಾಣ್ಯ ಆರಿಸಿ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಆಕೆ ಕಸಬರಿಗೆ ಮಾರಬಹುದಿತ್ತು. ಮಜ್ಜಿಗೆ ಮಾರುವಂತಿರಲಿಲ್ಲ. ಮಾರಿದರೆ ಕುಡಿಯುವವರು ಯಾರು? ಬೀದಿಯಲ್ಲಿ ಯಾರು ಏನನ್ನು ಮಾರಬಹುದು ಎಂಬುದನ್ನು ಮಾರುಕಟ್ಟೆಗಿಂತ ಮೊದಲೇ ಜಾತಿ ತೀರ್ಮಾನಿಸಿತ್ತು.

ಇನ್ನು ಕಾಯಿದೆ. 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬೀದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ಹಕ್ಕಿನೊಳಗೆ ಬರುತ್ತದೆ, ಅದಕ್ಕೆ ತಕ್ಕ ಕಟ್ಟುಪಾಡು ಹಾಕಬಹುದು ಎಂದು ಹೇಳಿತು. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ 30 ದಿನದ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಕೆಡುವ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಕೇಳಿದ ಎರಡು ಕೆಲಸದ ದಿನದೊಳಗೆ ಬಿಡಬೇಕು. ಯಕ್ಕನ ಗಂಟನ್ನು ಸಮವಸ್ತ್ರ ತೊಟ್ಟವನೊಬ್ಬ ಎತ್ತಿಕೊಂಡು ಹೋದಾಗ ಈ ಕಾಯಿದೆ ಜಾರಿಯಲ್ಲಿತ್ತು. ಪಟ್ಟಿ ಕೊಡಲಿಲ್ಲ. ಗಂಟು ತಿರುಗಿ ಬರಲಿಲ್ಲ. ಅದರಲ್ಲಿ ಆಕೆ ಮಳೆಗಾಲವೆಲ್ಲ ತಾಂಡಾದಲ್ಲಿ ಕೂತು ಹೊಲಿದ ಚೀಲಗಳಿದ್ದವು.

ಗೋವಾದಲ್ಲಿ ಪ್ರವಾಸಿ ತಾಣಗಳ ರಕ್ಷಣೆಗೆಂದು 2001ರದೇ ಬೇರೆ ಕಾಯಿದೆ ಇದೆ. 2025ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಪ್ರವಾಸಿಗಳನ್ನು ಪೀಡಿಸಿ ಮಾರುವುದೂ ಉಪದ್ರವಗಳ ಪಟ್ಟಿಯಲ್ಲಿದೆ. ದಂಡ 5,000 ರೂಪಾಯಿಯಿಂದ ಒಂದು ಲಕ್ಷದವರೆಗೆ. ಪ್ರವಾಸಿಗೆ ಪೀಡೆಯಾಗಬಾರದು, ಒಪ್ಪೋಣ. ಆದರೆ ಮಾರುವವಳಿಗೆ ನಿಲ್ಲಲು ಜಾಗ ಗುರುತಿಸಿ ಕೊಡದೆ ದಂಡದ ಚೀಟಿ ಮಾತ್ರ ಕೊಟ್ಟರೆ ಅದು ಯಾರ ರಕ್ಷಣೆ?

ಇನ್ನೊಂದು ಮಾತು ವಿದ್ಯಾರ್ಥಿ ಗೆಳೆಯರು ಗಮನಿಸಬೇಕು. ಲಮಾಣಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಸಂವಿಧಾನದ 341ನೇ ವಿಧಿಯಂತೆ ಈ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಗೋವಾದ ಪಟ್ಟಿಯಲ್ಲಿ ಲಮಾಣಿ ಇಲ್ಲ. ಘಟ್ಟ ಇಳಿದರೆ ಪಟ್ಟಿ ಹಿಂದೆ ಉಳಿಯುತ್ತದೆ, ಜಾತಿ ಜೊತೆಗೇ ಇಳಿಯುತ್ತದೆ. ಮೇಲೆ 'ಹೊರಗಿನವರು' ಎಂಬ ಹೊಸ ಹೆಸರು ಬೇರೆ. ಬಂದರಿನ ಪಕ್ಕದ ಬೈನಾ ತೀರದಲ್ಲಿ 2004ರ ಜೂನಿನ ಮಳೆಯಲ್ಲಿ ಗುಡಿಸಲು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡ ಮಾತಾಡುವವರು ಬಹಳ ಮಂದಿ ಇದ್ದರು.

ಅದೇ ಹೊಲಿಗೆಯ ಇನ್ನೊಂದು ಮುಖವನ್ನೂ ನೋಡಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆಯಿತು. ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಮಾಣಿ ಹೆಂಗಸರು ಹೊಲಿದ 1,755 ವಸ್ತುಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟರು. ಗಿನ್ನೆಸ್ ದಾಖಲೆಯಾಯಿತು. ಆ ಹೆಂಗಸರಿಗೆ ಸಂದ ಗೌರವ ಸರಿಯೇ. ನನ್ನ ಪ್ರಶ್ನೆ ಬೇರೆ. ಸೂಜಿ ಅದೇ, ಕನ್ನಡಿ ಅದೇ, ಕವಡೆ ಅದೇ. ಮಂತ್ರಿಗಳ ಮುಂದೆ ಇಟ್ಟರೆ ಪರಂಪರೆ, ಹೆಗಲ ಮೇಲೆ ಹೊತ್ತು ತಾನೇ ಮಾರಲು ಹೊರಟರೆ ಉಪದ್ರವ. ಇದು ಹೇಗೆ?

ಮಕ್ಕಳ ಮಾತು ಹೇಳದೆ ಈ ಬರಹ ಮುಗಿಯದು. ಹಡಗಿನವರ ಕೈ ಹಿಡಿದು ಜಗ್ಗುವ ಎಂಟು ಹತ್ತು ವರ್ಷದ ಮಕ್ಕಳ ಕೈಯಿಂದ ಏನನ್ನೂ ಕೊಳ್ಳಬೇಡಿ. ಮಗುವನ್ನು ನೋಡಿ ಕರಗಿ ಕೊಟ್ಟ ನೂರು ರೂಪಾಯಿ ನಾಳೆ ಅದನ್ನು ಮತ್ತೆ ಬೀದಿಗೆ ಕಳಿಸುತ್ತದೆ. ತಾಯಿ ಪಕ್ಕದಲ್ಲೇ ಇದ್ದರೆ ತಾಯಿಯ ಹತ್ತಿರ ಕೊಳ್ಳಿ. ನಾನೀಗ ತಾಂಡಾದ ಪಕ್ಕದ ಶಾಲೆಯಲ್ಲಿ ಮಾಸ್ತರ. ದೀಪಾವಳಿ ಮುಗಿಯುತ್ತಲೂ ನನ್ನ ತರಗತಿಯಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಗೋವಾಕ್ಕೆ ಕೆಲವರು, ಕಬ್ಬು ಕಡಿಯಲು ಕೆಲವರು. ಉಳಿದ ಮಕ್ಕಳು ಕಿಟಕಿಯಿಂದ ರಸ್ತೆ ನೋಡುತ್ತಾ ಪಾಠ ಕೇಳುತ್ತವೆ.

ಮಾಸ್ತರ ಗೆಳೆಯರೇ, ನಾವು ವರ್ಷಕ್ಕೊಮ್ಮೆ ಮಕ್ಕಳನ್ನು ಗೋವಾ ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಬಸ್ಸಿನಲ್ಲಿ ನಾನು ಹೇಳುವುದು ಇಷ್ಟೇ. ಮಾರುವವರ ಮಾರಿ ನೋಡಿ ಮಾತಾಡ್ರಿ. ಬ್ಯಾಡಾಗಿದ್ರ ಒಮ್ಮೆ ಬಾಯಿ ಬಿಟ್ಟು "ಬ್ಯಾಡ ಯಕ್ಕಾ" ಅನ್ರಿ, ಕನ್ನಡದಾಗ ಅನ್ರಿ, ಆಕೀಗೆ ತಿಳೀತದ. ಚೌಕಾಸಿ ಮಾಡ್ರಿ, ಅದು ವ್ಯಾಪಾರ. ಒಪ್ಪಿದ ಮ್ಯಾಲ ಹಿಂದ ಸರೀಬ್ಯಾಡ್ರಿ. ರೊಕ್ಕಾ ಕೈಯಾಗ ಕೊಡ್ರಿ. ಯಾವ ಊರು, ಯಾವ ತಾಂಡಾ ಅಂತ ಕೇಳ್ರಿ.

ಇನ್ನು ನಮ್ಮ ಪಾಲಿನ ಕೆಲಸ. ತಾಂಡಾದಿಂದ ಹೊರಡುವವರಿಗೆ 2014ರ ಕಾಯಿದೆಯ ಜಪ್ತಿಯ ಮಾತುಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡೋಣ. ಪಟ್ಟಿ ಕೇಳಬಹುದು ಎಂಬುದು ಅವರಿಗೆ ಗೊತ್ತಿರಲಿ. ಹಂಗಾಮಿಗೆ ಹೋದ ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆದು ಹಾಕಬೇಡಿ. ಮಳೆಯ ಮುಂಚೆ ಅದು ತಿರುಗಿ ಬರುತ್ತದೆ. ಬಂದು ಬಾಗಿಲಲ್ಲಿ ನಿಂತಾಗ ಅದರ ಮುಖ ನೋಡಿ ಹೆಸರು ಹಿಡಿದು ಕೂಗಬೇಕು.