ಕೀರ್ದಿ ವಹಿಯ ಕಾದಂಬರಿ

ಟೋಲ್ ನಾಕಾದ ಹತ್ತಿರ ಲಾರಿಗಳು ಗೇರು ಇಳಿಸುವ ಸದ್ದಿಗೇ ನನಗೆ ಎಚ್ಚರ. ಗಡಿಯಾರ ನೋಡಬೇಕಾಗಿಲ್ಲ. ರಾತ್ರಿಯಿಡೀ ಓಡಿದ ಗಾಡಿಗಳು ಸಾಲುಗಟ್ಟಿ ಹುಬ್ಬಳ್ಳಿ ಹೊರಗಿನ ನಮ್ಮ ಗಬ್ಬೂರ ಮುಟ್ಟಿದವೆಂದರೆ ನಾಲ್ಕೂವರೆಯ ಆಸುಪಾಸು. ಕಾರ್ತಿಕದ ಚಳಿ. ಕಿಟಕಿ ತೆರೆದರೆ ಹಸಿ ಎರಿ ಮಣ್ಣಿನ ವಾಸನೆಯೂ ಡೀಸೆಲ್ ಹೊಗೆಯೂ ಒಟ್ಟಿಗೇ ಒಳಗೆ ಬರುತ್ತವೆ. ಚಹಾ ಕಾಸಿಕೊಂಡು ದೀಪದ ಕೆಳಗೆ ಕೂರುತ್ತೇನೆ.

ಮೇಜಿನ ಮೇಲೆ ಎಡಕ್ಕೆ ಹಸ್ತಪ್ರತಿಯ ಕಟ್ಟು. ಬಲಕ್ಕೆ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ವಹಿ. ಅಪ್ಪ ಹುಬ್ಬಳ್ಳಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಹತ್ತಿ, ಮೆಣಸಿನಕಾಯಿ, ಹೆಸರು ಬಂದದ್ದೂ ಹೋದದ್ದೂ ಅವರ ಕೀರ್ದಿಯಲ್ಲಿ ಏರಬೇಕು. ರಾತ್ರಿ ಶಿಲ್ಕು ಕೂಡುವವರೆಗೆ ಅವರು ಕೈ ತೊಳೆದು ಊಟಕ್ಕೆ ಕೂತದ್ದನ್ನು ನಾನು ನೋಡಿಲ್ಲ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಒಂದು ಖಾಲಿ ವಹಿ ಸಿಕ್ಕಿತು. ಕಾದಂಬರಿ ಶುರು ಮಾಡಿದ ದಿನ ಅದನ್ನೇ ತೆರೆದೆ. ಎಡಗಡೆ ಜಮಾ, ಬರೆದ ಪುಟ. ಬಲಗಡೆ ಖರ್ಚು, ಹೊಡೆದು ಹಾಕಿದ ಪುಟ.

ಈ ವಾರದ ಲೆಕ್ಕ ಹೀಗಿದೆ. ಸೋಮವಾರ ಜಮಾ 3, ಖರ್ಚು 1. ಮಂಗಳವಾರ ಸೊನ್ನೆ. ಬುಧವಾರ ಜಮಾ 2, ಖರ್ಚು 4. ಗುರುವಾರ ಸೊನ್ನೆ. ಶುಕ್ರವಾರವೂ ಸೊನ್ನೆ. ಇವತ್ತು ಶನಿವಾರ.

ಮೊದಲ ಕರಡು 412 ಪುಟವಿತ್ತು. ಎರಡನೆಯದು 336ಕ್ಕೆ ಇಳಿಯಿತು. ಈಗ ಮೂರನೆಯ ತಿದ್ದುಪಡಿ, ಏಳನೆಯ ಅಧ್ಯಾಯ. ಕಥೆ ದೊಡ್ಡದೇನಲ್ಲ. ಹೆದ್ದಾರಿ ಒಬ್ಬ ಹೆಣ್ಣುಮಗಳ ಹೊಲವನ್ನು ಸೀಳಿಕೊಂಡು ಹೋಗಿದೆ. ಮನೆ ಈಚೆ, ಉಳಿದ ಹೊಲ ಆಚೆ. ಆಕೆಗೆ ಇನ್ನೂ ಹೆಸರಿಟ್ಟಿಲ್ಲ. ನಾಲ್ಕೈದು ಹೆಸರು ಇಟ್ಟು ನೋಡಿದೆ, ಯಾವುದಕ್ಕೂ ಆಕೆ ‘ಓ’ ಅನ್ನಲಿಲ್ಲ. ಹಾಗಾಗಿ ಪುಸ್ತಕದ ತುಂಬ ಆಕೆ ಬರೀ ‘ಆಕಿ’.

ಏಳನೆಯ ಅಧ್ಯಾಯದ ಮೊದಲ ಸಾಲು ಎದುರಿಗಿದೆ. ಮೊದಲ ಕರಡಿನಲ್ಲಿ ಬರೆದದ್ದು: ‘ರಸ್ತೆಗಾಗಿ ಭೂಮಿಯನ್ನು ಕಳೆದುಕೊಂಡ ಆಕೆ ದುಃಖದಿಂದ ಕಣ್ಣೀರಿಟ್ಟಳು.’ ಎರಡನೆಯದರಲ್ಲಿ ಕಣ್ಣೀರು ಹೋಯಿತು: ‘ಆಕಿ ಬದುವಿನ ಮೇಲೆ ನಿಂತು ಹೊಲವನ್ನು ನೋಡಿದಳು.’ ಈಗ ಪೆನ್ಸಿಲಿನಿಂದ ಮೇಲೆ ಬರೆಯುತ್ತೇನೆ: ‘ಆಕಿ ಬದುವಿನ ಮ್ಯಾಲ ನಿಂತು ಸಾಲು ಎಣಿಸಿದಳು.’ ಎಣಿಸುತ್ತಾಳೆ, ಸರಿ. ನೆಲ ಹೋದವರು ನಿಂತು ಅಳುವುದಕ್ಕಿಂತ ಮೊದಲು ಉಳಿದದ್ದನ್ನು ಎಣಿಸುತ್ತಾರೆ. ನಮ್ಮ ಓಣಿಯಲ್ಲಿ ನಾನು ಕಂಡದ್ದು ಅದನ್ನೇ. ಮುಂದಿನ ಸಾಲಿನಲ್ಲಿ ‘ಬಂಜರು’ ಎಂಬ ಶಬ್ದವಿದೆ. ಅಲ್ಲಿಗೆ ಬಂದಾಗಲೆಲ್ಲ ಪೆನ್ಸಿಲು ನಿಲ್ಲುತ್ತದೆ. ಮೂರು ದಿನದಿಂದ ಅಲ್ಲೇ ನಿಂತಿದೆ.

ಎಂಟು ಗಂಟೆ. ಸೂರ್ಯ ಬಂದ. ಅಂಗಳದಲ್ಲಿ ನಿಂತರೆ ಬೈಪಾಸ್ ರಸ್ತೆಗೆ ತಿರುಗುವ ವಾಹನಗಳು ಕಾಣುತ್ತವೆ. ಇಲ್ಲಿಂದ ನರೇಂದ್ರದವರೆಗೆ ಸುಮಾರು 30 ಕಿ.ಮೀ. ಹೆದ್ದಾರಿ ಹಿಂದೂ ಮುಂದೂ ಅಗಲವಾಗಿದ್ದಾಗ ಈ ತುಂಡು ಮಾತ್ರ ವರ್ಷಗಟ್ಟಲೆ ಎರಡೇ ಪಥದ್ದಾಗಿತ್ತು. ಎದುರುಬದುರು ಗಾಡಿ ಬಂದರೆ ನಡುವೆ ತಡೆಯಿಲ್ಲ. 2021ರ ಜನವರಿ 15ರ ಬೆಳಿಗ್ಗೆ ಇಟ್ಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನಕ್ಕೆ ಟಿಪ್ಪರ್ ಡಿಕ್ಕಿಯಾಯಿತು. ಆಮೇಲೆ ಆರು ಪಥದ ಕೂಗು ಜೋರಾಯಿತು, ಕೆಲಸವೂ ಸುರುವಾಯಿತು.

ನನ್ನ ಮೊದಲ ಕರಡಿನಲ್ಲಿ ಅಂಥದೇ ಒಂದು ಅಪಘಾತದ ಅಧ್ಯಾಯವಿತ್ತು. ಇಪ್ಪತ್ತೆರಡು ಪುಟ. ಒಂದೇ ಉಸಿರಿಗೆ ಬರೆದಿದ್ದೆ, ಓದಿದವರು ಕಣ್ಣೊರೆಸಿಕೊಂಡಿದ್ದರು. ಎರಡನೆಯ ಸಲ ಕೂತಾಗ ಕೈ ನಡುಗಿತು. ಯಾರದೋ ಮನೆಯಲ್ಲಿ ಇವತ್ತಿಗೂ ಒಂದು ಫೋಟೋಕ್ಕೆ ಹಾರ ಹಾಕುತ್ತಾರೆ, ನಾನು ಆ ಹಾರವನ್ನು ಕಿತ್ತು ನನ್ನ ಕಥೆಗೆ ಹಾಕಿಕೊಂಡಿದ್ದೆ. ಆ ದಿನದ ಕೀರ್ದಿಯಲ್ಲಿ ಇದೆ: ಜಮಾ ಇಲ್ಲ, ಖರ್ಚು 22. ಈಗ ಕಾದಂಬರಿಯಲ್ಲಿ ಉಳಿದದ್ದು ಒಂದೇ ವಾಕ್ಯ. ಆಕಿ ರಸ್ತೆ ದಾಟುವ ಮುಂಚೆ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ಅಷ್ಟು ಸಾಕು.

ಹತ್ತು ಗಂಟೆಗೆ ಪೆನ್ಸಿಲು ಕಿಸೆಗೆ ಹಾಕಿಕೊಂಡು ಹೊರಗೆ ಬೀಳುತ್ತೇನೆ. ಇದೇ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಒಂದು ಕಾಲಕ್ಕೆ ಪಾಠ ಹೇಳಿದ್ದ ಎಸ್.ಎಲ್. ಭೈರಪ್ಪನವರು ‘ಪರ್ವ’ಕ್ಕಾಗಿ ಹಿಮಾಲಯದ ಊರುಗಳವರೆಗೆ ಹೋದರು. ಒಬ್ಬಳಿಗೆ ಹಲವು ಗಂಡಂದಿರಿರುವ ಪದ್ಧತಿ ಉಳಿದಿದ್ದ ಜಾಗದಲ್ಲಿ ಇದ್ದು ಕಂಡು ಬಂದು ಬರೆದರು. 1979ರಲ್ಲಿ ಪುಸ್ತಕ ಬಂತು. ಅವರ ದ್ರೌಪದಿ ಅಷ್ಟು ದೂರದಲ್ಲಿದ್ದಳು. ನನ್ನ ‘ಆಕಿ’ ನೂರು ಹೆಜ್ಜೆಯಾಚೆ ಇದ್ದಾಳೆ. ಹೋಗದಿದ್ದರೆ ತಪ್ಪು ನನ್ನದೇ.

ರಾತ್ರಿ ಹನಿ ಬಿದ್ದಿದೆ. ನಾಲ್ಕು ಹೆಜ್ಜೆಗೆ ಎರಿ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಸೇರು ಭಾರವಾಗುತ್ತದೆ. ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಆಯಿ ಕೂತಿದ್ದಾಳೆ. ಸ್ವಂತ ಆಯಿ ಅಲ್ಲ, ಇಡೀ ಓಣಿಗೆ ಆಯಿ. ಮೊರದಲ್ಲಿ ಹೆಸರು ಹಸನ ಮಾಡುತ್ತಿದ್ದಾಳೆ. ಬೆರಳು ಕಾಳಿನ ಮೇಲೆ ಓಡುತ್ತವೆ. ಕಣ್ಣು ಎಲ್ಲೋ ಇರುತ್ತದೆ, ಹರಳು ಸಿಕ್ಕ ಕೂಡಲೇ ಬೆರಳೇ ನಿಲ್ಲುತ್ತದೆ.

“ಬಾರೋ ತಮ್ಮಾ. ಎಲ್ಲಿಗಿ ಬಂತು ನಿನ್ನ ಪುಸ್ತಕ?”

“ಏಳನೇ ಅಧ್ಯಾಯದಾಗ ಸಿಕ್ಕೊಂಡೇನಿ, ಆಯೀ.”

“ಹ್ವಾದ ವಾರಾನೂ ಅಲ್ಲೇ ಇದ್ದಿ.”

ಹೌದು, ಹೋದ ವಾರವೂ ಅಲ್ಲೇ ಇದ್ದೆ. ಕಟ್ಟೆಯ ತುದಿಗೆ ಕೂತು ಮೊರದಿಂದ ನಾನೂ ಒಂದೆರಡು ಹರಳು ಆರಿಸುತ್ತೇನೆ. ಅಲ್ಲಿಂದ ನೋಡಿದರೆ ರಸ್ತೆಯಾಚೆ ಅವಳದೇ ಹೊಲದ ಪಟ್ಟಿ ಕಾಣುತ್ತದೆ. ಅಕ್ಕಪಕ್ಕದವರ ಹೊಲದಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿದೆ. ಅವಳದರಲ್ಲಿ ಹುಲ್ಲು, ಮುಳ್ಳು, ನಡುವೆ ಒಂದು ಬಾಂದಗಲ್ಲು. ಟ್ರ್ಯಾಕ್ಟರ್ ತಿರುಗುವಷ್ಟು ಅಗಲವಿಲ್ಲ. ಎತ್ತು ಹೊಡೆದುಕೊಂಡು ಹೆದ್ದಾರಿ ದಾಟುವ ಧೈರ್ಯ ಮಕ್ಕಳಿಗಿಲ್ಲ.

“ಆಯೀ, ಆ ಹೊಲಾ ಬಂಜರ ಆಗಿ ಎಷ್ಟ ವರ್ಷ ಆತು?”

ಬೆರಳು ನಿಂತಿತು. ಹರಳು ಸಿಕ್ಕಾಗ ನಿಲ್ಲುವ ಹಾಗೆಯೇ ನಿಂತಿತು.

“ಬಂಜರ ಅನಬ್ಯಾಡ. ಬಂಜರ ಅಂದ್ರ ಬಿತ್ತಿದ್ರೂ ಬೆಳಿಯಂಗಿಲ್ಲ. ಅದು ಪಡಾ ಬಿದ್ದೈತಿ. ಬಿತ್ತಾವ್ರಿಲ್ಲ, ಅಷ್ಟ.”

“ಈಗ ಬಿತ್ತಿದ್ರ?”

“ಯಾಕ ಬೆಳಿಯಂಗಿಲ್ಲ? ಎರಿ ಭೂಮಿ ಐತದು. ನಾಕ ವರ್ಷ ಸುಮ್ನ ಮಲಗೈತಿ. ಒಂದ ಸಲ ಹರಗಿ ಕಡ್ಲಿ ಹಾಕು, ಆಮ್ಯಾಲ ನನ್ನ ಕೇಳು.”

ಮತ್ತೆ ಬೆರಳು ಓಡತೊಡಗಿದವು. ನನಗೆ ಏಳಲಾಗಲಿಲ್ಲ. ನಾಲ್ಕು ವರ್ಷದಿಂದ ಆ ಪಟ್ಟಿಯನ್ನು ದಿನಾ ನೋಡುತ್ತ ‘ಬಂಜರು’ ಎಂದು ಬರೆದಿದ್ದೇನೆ. ಅವಳು ದಿನಾ ನೋಡುತ್ತ ಬಿತ್ತನೆಗೆ ಕಾದಿದ್ದಾಳೆ. ಕಾದಂಬರಿಯ ‘ಆಕಿ’ ಬದುವಿನ ಮೇಲೆ ನಿಂತು ಏನು ನೋಡುತ್ತಾಳೆ ಎಂಬುದು ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಊಟಕ್ಕೆ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. “ಯಾಕ್ರಿ, ಮಾತಾಡವಲ್ರಿ?” ಎಂದು ಮನೆಯಾಕೆ ಕೇಳುತ್ತಾಳೆ. ಶಬ್ದ ಸಿಕ್ಕಿತು ಎಂದೆ. “ಹಂಗಾರ ಇನ್ನೊಂದ ರೊಟ್ಟಿ ಹಾಕ್ಕೋರಿ” ಎಂದಳು. ಹದಿನೆಂಟು ವರ್ಷದಿಂದ ನನ್ನ ಸೊನ್ನೆಗಳನ್ನೆಲ್ಲ ಕಂಡವಳು ಅವಳು.

ಮಧ್ಯಾಹ್ನ ಹುಬ್ಬಳ್ಳಿಗೆ ಹೋಗಬೇಕು. ಮೊದಲ ಆರು ಅಧ್ಯಾಯಗಳನ್ನು ಡಿಟಿಪಿಗೆ ಕೊಟ್ಟಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಸಿಬಿಟಿಯಲ್ಲಿ ಇಳಿದು ದುರ್ಗದಬೈಲಿನ ಗದ್ದಲ ದಾಟಿ ಸಂದಿಯ ಡಿಟಿಪಿ ಅಂಗಡಿಯ ಮೆಟ್ಟಿಲು ಹತ್ತುತ್ತೇನೆ. ಪ್ರಿಂಟ್ ಇನ್ನೂ ಬೆಚ್ಚಗಿದೆ. ಮೊದಲ ಪುಟ ತಿರುವಿದೆ, ಎರಡನೆಯದು ತಿರುವಿದೆ. ಎದೆ ಧಸಕ್ಕೆಂದಿತು. ‘ಆಕಿ’ ಎಲ್ಲೂ ಇಲ್ಲ. ಆರೂ ಅಧ್ಯಾಯದಲ್ಲಿ ‘ಆಕೆ’. ‘ಮ್ಯಾಲ’ ಹೋಗಿ ‘ಮೇಲೆ’ ಆಗಿದೆ. ‘ಐತಿ’ ಹೋಗಿ ‘ಇದೆ’.

ಟೈಪ್ ಮಾಡಿದ ಹುಡುಗಿ ಕುಂದಗೋಳ ಕಡೆಯವಳು. ನನ್ನ ಮುಖ ನೋಡಿ ಎದ್ದು ನಿಂತಳು. “ಸರ್, ಪುಸ್ತಕದಾಗ ನಮ್ಮ ಮಾತಿನಾಗ ಬರದ್ರ ತಪ್ಪು ಅಂತ ಸಾಲ್ಯಾಗ ಹೇಳತಿದ್ರು. ಅದಕ್ಕ ಒಂದೊಂದ ನೋಡಿ ನೋಡಿ ತಿದ್ದೇನ್ರಿ.” ಒಂದೊಂದಾಗಿ ನೋಡಿ ತಿದ್ದಿದ್ದಾಳೆ. ಆ ಶ್ರದ್ಧೆಯ ಮುಂದೆ ಸಿಟ್ಟು ಎಲ್ಲಿ ನಿಲ್ಲಬೇಕು?

ಅವಳ ಎದುರು ಸ್ಟೂಲಿನ ಮೇಲೆ ಕೂತು ಹೇಳಿದೆ. 1956ರಲ್ಲಿ ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ ಬಂತು, ಮರುವರ್ಷ ರಾವಬಹಾದ್ದೂರರ ‘ಗ್ರಾಮಾಯಣ’. ಅವುಗಳಲ್ಲಿ ಜನ ನಮ್ಮ ಹಾಗೆಯೇ ಮಾತಾಡುತ್ತಾರೆ, ಯಾರೂ ನಾಚಿಕೊಳ್ಳಲಿಲ್ಲ. ‘ಗ್ರಾಮಾಯಣ’ ಬಂದದ್ದು ಇಲ್ಲೇ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. 1933ರಲ್ಲಿ ಶುರುವಾದ ಪ್ರಕಾಶನ ಅದು. ಜಿ.ಬಿ. ಜೋಶಿಯವರು ಕಟ್ಟಿ ಬೆಳೆಸಿದರು. ಸುಭಾಸ ರಸ್ತೆಯ ಅದರ ಅಟ್ಟಕ್ಕೆ ಬೇಂದ್ರೆ ಬರುತ್ತಿದ್ದರು, ಕುರ್ತಕೋಟಿ ಕೂರುತ್ತಿದ್ದರು. ಅನಂತಮೂರ್ತಿ ದೂರದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಬರೆದ ‘ಸಂಸ್ಕಾರ’ 1965ರಲ್ಲಿ ಪುಸ್ತಕವಾದದ್ದೂ ಅದೇ ಅಟ್ಟದಿಂದ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಮಾತಿನಲ್ಲೇ ‘ಕುಸುಮಬಾಲೆ’ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

“ಹಂಗಾರ ನಮ್ಮವ್ವನ ಮಾತೂ ಪುಸ್ತಕದಾಗ ಬರತೈತಿ?” ಎಂದಳು.

“ಬರತೈತಿ. ನಿನ್ನ ಕೈಲೇ ಬರತೈತಿ.”

ಅವಳು ಕುರ್ಚಿ ಎಳೆದುಕೊಂಡು ಫೈಲ್ ತೆರೆದಳು. ಒಂದೇ ಸಲಕ್ಕೆ ಎಲ್ಲ ಬದಲಾಯಿಸಲು ಬರುವುದಿಲ್ಲ. ಕಚೇರಿಯ ಸಾಹೇಬರ ಮಾತಿನಲ್ಲಿ ‘ಆಕೆ’ಯೇ ಇರಬೇಕು, ಓಣಿಯವರ ಬಾಯಲ್ಲಿ ‘ಆಕಿ’. ನಾನು ಓದುತ್ತ ಹೋದೆ, ಅವಳು ಬಡಿಯುತ್ತ ಹೋದಳು. ಒಂದು ಕಡೆ ನಾನು ‘ಹೇಳಿದಳು’ ಎಂದರೆ ಅವಳು ಕೈ ತಡೆದು, “ಸರ್, ಇಲ್ಲೆ ಆಕಿ ಸಿಟ್ಟಿಗೆದ್ದಾಳಲ್ರಿ, ‘ಅಂದ್ಲು’ ಅಂದ್ರ ಚಲೋ ಅನಸ್ತೈತಿ” ಎಂದಳು. ಹೌದು, ಚೆನ್ನಾಗಿ ಕೂತಿತು. ಹಾಗೆ ಎರಡು ಅಧ್ಯಾಯ ಮುಗಿಯುವಾಗ ಬೀದಿ ದೀಪ ಹೊತ್ತಿದ್ದವು. ಕೆಳಗಿನ ಗಾಡಿಯಿಂದ ಗಿರಮಿಟ್ಟು, ಮಿರ್ಚಿ ತರಿಸಿ ಇಬ್ಬರೂ ತಿಂದೆವು.

ಮನೆಗೆ ಬಂದಾಗ ಎಂಟೂವರೆ. ಹಸ್ತಪ್ರತಿಯನ್ನು ಮೊದಲಿನಿಂದ ಬಿಚ್ಚಿದೆ. ‘ಬಂಜರು’ ಹತ್ತೊಂಬತ್ತು ಕಡೆ ಸಿಕ್ಕಿತು. ಒಂದೊಂದು ಕಡೆಯೂ ನಿಂತು ಓದಿದೆ, ಗಟ್ಟಿಯಾಗಿ, ಆಯಿಯ ದನಿಯಲ್ಲಿ. ಹದಿನೇಳು ಕಡೆ ಹೊಡೆದು ‘ಪಡಾ’ ಎಂದು ಬರೆದೆ. ಶಬ್ದ ಬದಲಾದದ್ದೇ ಅದರ ಅಕ್ಕಪಕ್ಕದ ವಾಕ್ಯಗಳು ಮಗ್ಗುಲು ಬದಲಿಸಿದವು. ನೂರಾ ನಾಲ್ಕನೆಯ ಪುಟದಲ್ಲಿ ಆಕಿ ಹೊಲಕ್ಕೆ ಬೆನ್ನು ಮಾಡಿ ಹೊರಡುತ್ತಿದ್ದಳು. ಈಗ ಹೊರಡುವ ಮೊದಲು ಬಗ್ಗಿ ಒಂದು ಹೆಂಟೆ ಎತ್ತಿಕೊಳ್ಳುತ್ತಾಳೆ, ಅಂಗೈಯಲ್ಲಿ ಪುಡಿ ಮಾಡಿ ಹಸಿ ಎಷ್ಟಿದೆ ಎಂದು ನೋಡುತ್ತಾಳೆ. ನಾನು ಅದನ್ನು ಯೋಚಿಸಿರಲಿಲ್ಲ. ಪಡಾ ಬಿದ್ದ ಹೊಲದ ಒಡತಿ ಹಾಗೆಯೇ ಮಾಡುತ್ತಾಳೆ.

ಹನ್ನೊಂದು ಗಂಟೆಗೆ ವಹಿ ಎಳೆದುಕೊಂಡೆ. ಬರೆದ ಪುಟ ಒಂದೂ ಇಲ್ಲ. ಜಮಾ ಕಡೆ ‘ಶಬ್ದ 1’ ಎಂದು ಬರೆದೆ. ಖರ್ಚಿನ ಕಡೆ ‘ಶಬ್ದ 17’.

ಕೀರ್ದಿಯಲ್ಲಿ ಒಮ್ಮೆ ಏರಿದ್ದನ್ನು ಕೆರೆಯಬಾರದು, ತಿದ್ದಬಾರದು, ಬೇಕಾದರೆ ಪಕ್ಕದಲ್ಲಿ ಬರೆಯಬೇಕು ಎನ್ನುತ್ತಿದ್ದರು ಅಪ್ಪ. ಮಂಗಳವಾರ, ಗುರುವಾರ, ಶುಕ್ರವಾರದ ಸೊನ್ನೆಗಳನ್ನು ಹಾಗೆಯೇ ಬಿಟ್ಟೆ. ಮೂರರ ಪಕ್ಕದಲ್ಲೂ ಸಣ್ಣ ಅಕ್ಷರದಲ್ಲಿ ‘ಪಡಾ’ ಎಂದು ಬರೆದೆ. ಹಿಂದಿನ ಹಾಳೆಗಳನ್ನೂ ತಿರುವಿದೆ. ಆಷಾಢದಲ್ಲಿ ಹನ್ನೊಂದು ದಿನದ ಸೊನ್ನೆಗಳು ಒಟ್ಟಿಗೆ ಇದ್ದವು. ಅವಕ್ಕೂ ಬರೆದೆ.

ಹಸ್ತಪ್ರತಿಯಲ್ಲಿ ಇನ್ನೆರಡು ಕಡೆ ಉಳಿದಿವೆ. ಎರಡೂ ರಸ್ತೆಯ ಕೆಳಗೆ ಹೋದ ನೆಲದ ಬಗ್ಗೆ. ಅಲ್ಲಿ ಡಾಂಬರು ಬಿದ್ದಿದೆ, ಬಿತ್ತುವವರು ಬಂದರೂ ನೆಲವಿಲ್ಲ. ಅದು ಬಂಜರೂ ಅಲ್ಲ, ಪಡಾ ಕೂಡ ಅಲ್ಲ. ಎರಡಕ್ಕೂ ಪೆನ್ಸಿಲಿನಿಂದ ಸುತ್ತು ಹಾಕಿ ದೀಪ ಆರಿಸಿದೆ. ಅದಕ್ಕೆ ಏನನ್ನುತ್ತಾರೆಂದು ನಾಳೆ ಹತ್ತು ಗಂಟೆಗೆ ಆಯಿಯನ್ನು ಕೇಳಬೇಕು.