ಅಳಿಸಿದ ಹೆಸರು

ಕಾಸರಗೋಡಿನ ಕನ್ನಡಿಗರಾದ ನಮಗೆ ಹೆಸರಿನ ಬೆಲೆ ಚೆನ್ನಾಗಿ ತಿಳಿದಿದೆ. ಫಲಕದಲ್ಲಿ ಊರಿನ ಹೆಸರಿನ ಒಂದಕ್ಷರ ಬದಲಾದರೂ ನೊಂದುಕೊಳ್ಳುತ್ತೇವೆ, ಮನವಿ ಬರೆಯುತ್ತೇವೆ. ಪ್ರೀತಿಸಿದವಳ ಹೆಸರನ್ನೇ ಪತ್ರಗಳಿಂದ ಒರೆಸಿಹಾಕಿದ ಪ್ರಸಂಗವೊಂದನ್ನು ಸ್ಮರಿಸಲು ಇದಕ್ಕಿಂತ ಉಚಿತವಾದ ಸಭೆ ಬೇರೆ ಇರಲಾರದು.

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್‌ಳನ್ನು ಬಿಳಿಯುಡುಗೆಯ ಏಕಾಂಗಿನಿಯೆಂದು ಹೇಳುವುದು ವಾಡಿಕೆ. ನಿವೃತ್ತಿಯ ಬಿಡುವಿನಲ್ಲಿ ಆಕೆಯ ಪತ್ರಗಳನ್ನು ಓದಿದಾಗ ನಮಗೆ ಬೇರೊಬ್ಬಳೇ ಕಂಡಳು. ಎಮಿಲಿ ಹುಟ್ಟಿದ್ದು 1830ರ ಡಿಸೆಂಬರ್ 10ರಂದು. ಗೆಳತಿ ಸೂಸನ್ ಗಿಲ್ಬರ್ಟ್ ಒಂಬತ್ತು ದಿನ ಕಿರಿಯಳು. ಇಪ್ಪತ್ತರ ಹರೆಯದಲ್ಲಿ ಎಮಿಲಿ ಆಕೆಗೆ ಬರೆದ ಪತ್ರಗಳಲ್ಲಿರುವುದು ವಿರಹಿಣಿಯ ಹಂಬಲ. ಅದೇ ಸೂಸನ್‌ಳನ್ನು ಅಣ್ಣ ಆಸ್ಟಿನ್ ಮೆಚ್ಚಿದನು, 1856ರಲ್ಲಿ ಮದುವೆಯಾಯಿತು. ಗೆಳತಿ ಅತ್ತಿಗೆಯಾಗಿ ಪಕ್ಕದ ಮನೆಗೆ ಬಂದಳು. ಹಿತ್ತಿಲಿನಾಚೆಯ ಆ ಮನೆಗೆ ಎಮಿಲಿ ಕಳುಹಿಸಿದ ಕವಿತೆಗಳು 250ಕ್ಕೂ ಹೆಚ್ಚು. 1886ರಲ್ಲಿ ಎಮಿಲಿ ತೀರಿಕೊಂಡಾಗ ಪತ್ರಿಕೆಗೆ ಶ್ರದ್ಧಾಂಜಲಿ ಬರೆದವಳೂ ಸೂಸನ್ನೇ.

ಆದರೆ ಅಣ್ಣನಿಗೆ ಎಮಿಲಿ ಬರೆದ ಪತ್ರಗಳಲ್ಲಿ ಸೂಸನ್‌ಳ ಕುರಿತ ಮಾತುಗಳನ್ನು ಯಾರದೋ ಕೈ ಒರೆಸಿತು, ಕೆಲವೆಡೆ ಕತ್ತರಿಸಿತು. ಒರೆಸಿದುದರ ಅಡಿಯ ಅಕ್ಷರಗಳನ್ನು ವಿದ್ವಾಂಸರು ಓದಿ ತೆಗೆದದ್ದು ನೂರು ವರ್ಷಗಳ ಬಳಿಕ. ಸೂಸನ್‌ಗೆ ಬರೆದ ಪತ್ರಗಳು ಪ್ರತ್ಯೇಕ ಗ್ರಂಥವಾಗಿ ಬಂದದ್ದು 1998ರಲ್ಲಿ.

ಇದು ದೂರದೇಶದ ಕಥೆಯೆಂದು ಮಡಚಿಡುವಂತಿಲ್ಲ. ಅಕ್ಕನ ಗೆಳತಿ ಮನೆಗೆ ಬಂದಳೆಂದರೆ ಅರಳುವ ಮುಖವನ್ನೂ, ಆ ಗೆಳತಿಯ ಲಗ್ನಪತ್ರಿಕೆ ಬಂದ ದಿನ ಬಾಡಿದ ಅದೇ ಮುಖವನ್ನೂ ಅಧ್ಯಾಪಕರಾದ ನಾವು ಕಂಡಿದ್ದೇವೆ. ಮನೆಯವರ ಕಣ್ಣಿಗೆ ಅದು ಬರಿಯ ಸ್ನೇಹ. ಆ ಹುಡುಗಿಗೋ, ತನ್ನ ಅಳುವಿಗೆ ಕಾರಣ ಹೇಳಲು ಒಂದು ಮಾತೂ ಇರಲಿಲ್ಲ. ಅಕ್ಕನೊಡನೆ ಹೇಳಿದರೆ ಅಕ್ಕನೂ ಇಲ್ಲ, ಗೆಳತಿಯೂ ಇಲ್ಲ ಎಂಬ ಭಯ ಬೇರೆ.

ಕಾನೂನು ನಮಗಿಂತ ಮುಂದೆ ನಡೆದಿದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಇಂತಹ ಸಮ್ಮತದ ಸಂಬಂಧ ಅಪರಾಧವಲ್ಲವೆಂದಿತು. ಮನೆಯವರು ಬೇರ್ಪಡಿಸಿದ್ದ ಇಬ್ಬರು ಯುವತಿಯರು ಜೊತೆಗೆ ಬಾಳಬಹುದೆಂದು ನಮ್ಮ ಕೇರಳದ ಉಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಆದರೆ ನ್ಯಾಯಾಲಯ ಬಾಗಿಲು ತೆರೆಸಬಲ್ಲುದೇ ಹೊರತು, ಒಳಗೆ ಕರೆದು ಮಣೆ ಹಾಕಲಾರದು. ಅದು ತಂದೆತಾಯಂದಿರ ಕೆಲಸ, ಒಡಹುಟ್ಟಿದವರ ಕೆಲಸ.

ಮಗಳು ಒಂದು ಹೆಸರನ್ನು ಹೇಳಲು ತಡವರಿಸಿದರೆ, ಒರೆಸುವ ಬಟ್ಟೆ ಹಿಡಿದು ನಿಲ್ಲದಿರೋಣ. ಪೂರ್ತಿ ಕೇಳಿಸಿಕೊಳ್ಳೋಣ.