ಅತ್ತೆಯ ಹೆಜ್ಜೆ ಲೆಕ್ಕ

ನಮ್ಮತ್ತೆಗೆ 72 ವರ್ಷ. ಕಳೆದ ದೀಪಾವಳಿಗೆ ಬಂದಿದ್ದ ನನ್ನ ಮೈದುನ ಅವರ ಕೈಗೆ ಒಂದು ವಾಚು ಕಟ್ಟಿಹೋದ. ಅದು ಗಂಟೆಯ ಜೊತೆಗೆ ನಡೆದ ಹೆಜ್ಜೆಗಳನ್ನೂ ಎಣಿಸುತ್ತದೆ. "ಅಮ್ಮಾ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕ್ಬೇಕು. ಅಷ್ಟಾದ್ರೆ ವಾಚು ಗುಂಯ್ ಅನ್ನತ್ತೆ" ಎಂದು ಹೇಳಿಕೊಟ್ಟ.

ಅತ್ತೆ ಅದಕ್ಕೆ ಮೊದಲು ನಡೆಯುತ್ತಿರಲಿಲ್ಲ ಅಂತೇನಲ್ಲ. ಬೆಳಿಗ್ಗೆ ಹಾಲಿನ ಬೂತಿಗೆ ಹೋಗುತ್ತಿದ್ದುದು ಅವರೇ. ಬರುವಾಗ ಹೂವಿನವಳ ಹತ್ತಿರ ಒಂದು ಮೊಳ ಹೂವಿಗೆ ಚೌಕಾಸಿ. ಸಂಜೆ ಗಣಪತಿ ದೇವಸ್ಥಾನ, ದಾರಿಯಲ್ಲಿ ಸಿಕ್ಕವರ ಜೊತೆ ಮಾತು. ಅದನ್ನು ಯಾರೂ ಎಣಿಸಿರಲಿಲ್ಲ, ಅಷ್ಟೆ.

ಈಗ ಎಣಿಕೆ ಶುರುವಾಯಿತು. ರಾತ್ರಿ ಊಟವಾದ ಮೇಲೆ ಏಳನೇ ಕ್ಲಾಸಿನ ನನ್ನ ಮಗಳ ಮುಂದೆ ಕೈ ಚಾಚಿ, "ಎಷ್ಟಾಯ್ತು ನೋಡೇ ಪುಟ್ಟಿ" ಎನ್ನುತ್ತಿದ್ದರು. ಮೊದಲ ದಿನ 4,600. ಮರುದಿನ 4,300. ಅತ್ತೆಯ ಮುಖ ಸಪ್ಪೆಯಾಗುತ್ತಿತ್ತು. ಮೂರನೇ ದಿನ ಹಟಕ್ಕೆ ಬಿದ್ದು ತಾರಸಿಯ ಮೇಲೆ ಸುತ್ತು ಹೊಡೆದು 6,000 ದಾಟಿಸಿದರು. ಬೆಳಗಾಗುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು.

ಊತ ಇಳಿಯಿತು, ವಾಚು ಬೀರು ಸೇರಿತು. ಅದರ ಜೊತೆ ಹಾಲಿನ ಬೂತೂ ದೇವಸ್ಥಾನವೂ ನಿಂತುಹೋದವು. "ಅರ್ಧ ನಡೆದು ಏನು ಬಂತು? ಹೇಗಿದ್ರೂ ನಾನು ಪಾಸಾಗಲ್ಲ" ಎಂದುಬಿಟ್ಟರು. "ರೆಸ್ಟ್ ತಗೊಳ್ಳಿ ಅತ್ತೆ" ಎಂದು ನಾನೂ ತಲೆಯಾಡಿಸಿದೆ. ಹಾಲು ತರುವ ಕೆಲಸ ನಮ್ಮವರಿಗೆ ಬಂತು. ಮೂರು ತಿಂಗಳಲ್ಲಿ ಅತ್ತೆ ಕುರ್ಚಿಯಿಂದ ಏಳಲು ಗೋಡೆ ಹಿಡಿಯುವಂತಾದರು.

ಒಂದು ಭಾನುವಾರ ಮಗಳು ಕೇಳಿದಳು: "ಅಮ್ಮಾ, ಹತ್ತು ಸಾವಿರ ಅಂತ ಹೇಳಿದ್ದು ಯಾರು? ಡಾಕ್ಟರಾ?" ನನಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದೆವು.

ಸಿಕ್ಕ ಉತ್ತರಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಯಮಾಸ ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಕೇಳಲು ಚೆಂದ, ನೆನಪಿಡಲು ಸುಲಭ. ದೊಡ್ಡ ವೈದ್ಯಕೀಯ ಅಧ್ಯಯನದಿಂದ ಬಂದ ಸಂಖ್ಯೆ ಅದಲ್ಲ. ಯಂತ್ರದ ಹೆಸರೇ ಊರೂರು ಸುತ್ತಿ ಆರೋಗ್ಯದ ನಿಯಮವಾಗಿ ಕೂತಿತ್ತು.

ನಿಜವಾದ ಲೆಕ್ಕ ಬಂದದ್ದು ಬಹಳ ತಡವಾಗಿ. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ 16,741 ಹಿರಿಯ ಮಹಿಳೆಯರ ಹೆಜ್ಜೆಗಳನ್ನು ಅಳೆದು, ಸರಾಸರಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರ ಆರೋಗ್ಯವನ್ನು ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮಹಿಳೆಯರ ಸರಾಸರಿ ವಯಸ್ಸು 72, ನಮ್ಮತ್ತೆಯದೇ! ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ, 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆ ಇತ್ತು. ಸುಮಾರು 7,500ರವರೆಗೆ ಲಾಭ ಹೆಚ್ಚುತ್ತಾ ಹೋಗಿ, ಆಮೇಲೆ ಅಲ್ಲೇ ನಿಂತಿತ್ತು. 57 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2025ರಲ್ಲಿ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್' ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಸಾಮಾನ್ಯರಿಗೆ 7,000 ಹೆಜ್ಜೆ ಒಳ್ಳೆಯ ಗುರಿ. ಅಷ್ಟಾಗದವರಿಗೂ, ಈಗಿರುವುದಕ್ಕಿಂತ ಸ್ವಲ್ಪ ಹೆಚ್ಚು ನಡೆದರೆ ಲಾಭವೇ.

ಒಂದು ಮಾತನ್ನು ಮಗಳಿಗೆ ಬಿಡಿಸಿ ಹೇಳಿದೆ. ಕಾಯಿಲೆ ಇರುವವರು ಸಹಜವಾಗಿಯೇ ಕಡಿಮೆ ನಡೆಯುತ್ತಾರೆ. ಹಾಗಾಗಿ ಇಂಥ ಅಧ್ಯಯನಗಳು ಎಲ್ಲಾ ಶ್ರೇಯಸ್ಸನ್ನೂ ನಡಿಗೆಗೇ ಕೊಡಲಾರವು. ಸಂಶೋಧಕರು ಇದನ್ನು ಮರೆಯುವುದಿಲ್ಲ, ನಾವೂ ಮರೆಯಬಾರದು.

ಅವಳು ಓಡಿಹೋಗಿ ಅಜ್ಜಿಗೆ ಎಲ್ಲವನ್ನೂ ಓದಿ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಾನು ಮೊದಲ ದಿನಾನೇ ಪಾಸಾಗಿದ್ದೆನಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಮಂಡಿಯನ್ನು ಡಾಕ್ಟರಿಗೆ ತೋರಿಸಿದೆವು. ಸಮತಟ್ಟಾದ ದಾರಿಯಲ್ಲಿ, ಆಯಾಸವಾಗದಂತೆ, ದಿನಾ ಸ್ವಲ್ಪ ಸ್ವಲ್ಪ ನಡೆಯಿರಿ ಎಂದರು. ವಾಚು ಬೀರುವಿನಿಂದ ಹೊರಬಂತು. ಪುಟ್ಟಿ ಅದರ ಗುರಿಯನ್ನು ಎರಡು ಸಾವಿರಕ್ಕೆ ಇಳಿಸಿದಳು. ವಾಚು ಮೊದಲ ಸಲ ಗುಂಯ್ ಎಂದಾಗ ಅತ್ತೆ ಹೂವಿನವಳ ಮುಂದೆ ನಿಂತಿದ್ದರಂತೆ. ಬೆಚ್ಚಿಬಿದ್ದು ಚೌಕಾಸಿ ಮಾಡುವುದನ್ನೇ ಮರೆತರಂತೆ.

ಹಳೆಯ 4,600 ಇನ್ನೂ ಮುಟ್ಟಿಲ್ಲ. ನಿನ್ನೆ 3,100. ಮೂರು ತಿಂಗಳು ಕೂತು ಕಳೆದುಕೊಂಡದ್ದು ಅಷ್ಟು ಬೇಗ ಬರುವುದಿಲ್ಲ ಎನ್ನುವುದು ಈಗ ಗೊತ್ತಾಗಿದೆ. ನಿಮ್ಮ ಮನೆಯಲ್ಲೂ ಹತ್ತು ಸಾವಿರ ಆಗಲಿಲ್ಲವೆಂದು ಯಾರಾದರೂ ಚಪ್ಪಲಿ ಬದಿಗಿಟ್ಟು ಕೂತಿದ್ದರೆ, ಇವತ್ತೇ ಸಂಜೆ ಅವರ ಜೊತೆ ಬೀದಿ ಕೊನೆಯವರೆಗೆ ಹೋಗಿ ಬನ್ನಿ. ಹೆಜ್ಜೆ ಎಣಿಸದಿದ್ದರೂ ನಡೆಯುತ್ತದೆ.